ಹಿಂದಿನ ಸೀಟಿನಲ್ಲಿ ಒಂದು ಲೋಟ ನೀರು

ನನ್ನ ಹತ್ತಿರ ಒಂದು ಹಿತ್ತಾಳೆ ಲೋಟ ಇದೆ. ಅದರ ಒಳಮೈಯಲ್ಲಿ ಮೊಳೆಯಿಂದ ಗೀರಿದ ಮೂರು ಗೆರೆಗಳಿವೆ. ಒಂದು ಅಂಚಿನಿಂದ ಎರಡು ಬೆರಳು ಕೆಳಗೆ, ಇನ್ನೊಂದು ಹೆಚ್ಚುಕಡಿಮೆ ಅರ್ಧದಲ್ಲಿ, ಮೂರನೆಯದು ಅಂಚಿಗೆ ಅಂಟಿಕೊಂಡ ಹಾಗೆ. ನನ್ನ ನೆನಪಿನಲ್ಲಿ ಆ ಲೋಟ ಇಟ್ಟುಕೊಂಡು ನಾವು ನಾಲ್ಕು ಸಲ ಗಾಡಿ ಓಡಿಸಿದ್ದೇವೆ. ಲೋಟ ಮೂರು ಅನ್ನುತ್ತದೆ. ನನಗೂ ಲೋಟಕ್ಕೂ ಎಲ್ಲಿ ಜಗಳ ಬರುತ್ತದೋ ಅಲ್ಲಿ ಲೋಟವನ್ನೇ ನಂಬಿ ಎಂದು ಬರೆಯಬೇಕಿತ್ತು. ಬರೆಯಲಾರೆ. ಆ ಲೋಟವನ್ನು ನಂಬಿಯೇ ನಾವು ಕೆಟ್ಟದ್ದು.

ಎಂಬತ್ತರ ದಶಕದ ಕೊನೆ. ಇಸವಿ ಹೇಳಲು ಹೋದರೆ ತಪ್ಪುತ್ತೇನೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಕಡೆಗೆ ಚಿಕ್ಕ ರೈಲು ಇನ್ನೂ ಓಡುತ್ತಿತ್ತು, ಅಷ್ಟು ಗೊತ್ತು. ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟ ರಸ್ತೆ ಶುರುವಾಗುವ ಕಡೆ ಒಂದು ತಗಡಿನ ಶೆಡ್ಡಿನಲ್ಲಿ ನಾನು ಕೆಲಸಕ್ಕಿದ್ದೆ. ಐಟಿಐ ಮುಗಿಸಿ ನಾಲ್ಕು ವರ್ಷವಾಗಿತ್ತು. ಶೆಡ್ಡಿನ ಮೇಸ್ತ್ರಿ ಸ್ಕಂದಗಿರಿಯ ಬುಡದ ಒಂದು ಹಳ್ಳಿಯವರು. ಜಮೀನು ಅಣ್ಣಂದಿರಿಗೆ ಬಿಟ್ಟು, ಹಳೇ ಗಾಡಿಗಳ ಕೆಳಗೆ ಮಲಗಿಯೇ ತಲೆ ನರೆಸಿಕೊಂಡವರು. ಶೆಡ್ಡಿಗೆ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಗಾಡಿಯೊಳಗೆ ಕೂತ ಹೆಣ್ಣುಮಕ್ಕಳ ಜೊತೆ ನಾವು ಮಾತಾಡಬಾರದು. ಏನು ಕೇಳಬೇಕಾದರೂ ಗಂಡಸರನ್ನು ಕೇಳಬೇಕು. ಹಿಂದೂಗಳ ಗಾಡಿಯಾಗಲಿ, ಮುಸಲ್ಮಾನರ ಗಾಡಿಯಾಗಲಿ, ಒಂದೇ ನಿಯಮ. ಅದು ಮರ್ಯಾದೆ ಎಂದು ಮೇಸ್ತ್ರಿ ತಿಳಿದಿದ್ದರು. ನಾನೂ ತಿಳಿದಿದ್ದೆ. ಗಾಡಿ ತರುವವರೂ ಹಾಗೇ ತಿಳಿದಿದ್ದರು.

ಒಂದು ಬೆಳಿಗ್ಗೆ ಶಿಡ್ಲಘಟ್ಟದ ಸಾಹೇಬರೊಬ್ಬರು ಮೈನರ್ ಎಂಬ ಹಳೇ ವಿಲಾಯತಿ ಕಾರು ತಂದರು. ರೇಷ್ಮೆ ನೂಲು ತೆಗೆಯುವ ಘಟಕ, ಜೊತೆಗೆ ನೂಲು ಹುರಿ ಮಾಡುವ ನಾಲ್ಕು ಟ್ವಿಸ್ಟಿಂಗ್ ಮಿಷನ್ ಇಟ್ಟುಕೊಂಡವರು. ಕಾರು ಅವರ ಮಾವನದು, ಬೂದು ಬಣ್ಣದ್ದು, ಗುಂಡಗೆ, ಸಾಕಿದ ಪ್ರಾಣಿಯ ಹಾಗೆ ಕಾಣುತ್ತಿತ್ತು. ಹಿಂದಿನ ಸೀಟಿನ ಮೇಲೆ ಹಲಗೆ, ಹಲಗೆಯ ಮೇಲೆ ರಜಾಯಿ, ರಜಾಯಿಯ ಮೇಲೆ ಅವರ ಹೆಂಡತಿ ಮಲಗಿದ್ದರು. ಕಿಟಕಿಗೆ ಹಳೇ ಸೀರೆಯ ತುಂಡೊಂದನ್ನು ಪರದೆ ಕಟ್ಟಿದ್ದರು.

"ಮೇಸ್ತ್ರಿ, ಇವಳಿಗೆ ಬೆನ್ನುಮೂಳೆ ಆಪರೇಷನ್ ಆಗಿದೆ" ಎಂದರು ಸಾಹೇಬರು. "ಹದಿನೈದು ದಿನಕ್ಕೊಂದು ಸಲ ಬೆಂಗಳೂರಿಗೆ ತೋರಿಸಬೇಕು. ಬಸ್ಸು ಆಗೋದೇ ಇಲ್ಲ. ಡಾಕ್ಟ್ರು ಏನು ಹೇಳಿದ್ದಾರೆ ಗೊತ್ತಾ? ಜೋರಾಗಿ ಒಂದು ಸಲ ಎತ್ತಿ ಹಾಕಿದರೂ ಕಾಲು ಹೋಗಬಹುದು ಅಂತ. ನಿನ್ನೆ ಸುಮ್ಮನೆ ಊರೊಳಗೆ ಒಂದು ಸುತ್ತು ಹೊಡೆದೆ. ಕಿರುಚಿಕೊಂಡಳು."

ಮೇಸ್ತ್ರಿ ಕಾರಿನ ಹಿಂದಿನ ಮೂಲೆಯನ್ನು ಎರಡು ಕೈಯಿಂದ ಒತ್ತಿ ಬಿಡಲು ಹೋದವರು, ಒಳಗೆ ಯಾರಿದ್ದಾರೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದರು. ಕೂತು ಕೆಳಗೆ ಇಣುಕಿದರು. ಎಣ್ಣೆ ಸೋರಿ, ಅದಕ್ಕೆ ಧೂಳು ಹತ್ತಿ, ಶಾಕ್ ಅಬ್ಸಾರ್ಬರ್ ಎಲ್ಲಿದೆ ಎಂದೇ ಕಾಣಿಸುತ್ತಿರಲಿಲ್ಲ.

"ಅಮ್ಮಾವ್ರಿಗೆ ಯಾವಾಗ ನೋವಾಗುತ್ತೆ, ಸ್ವಲ್ಪ ಕೇಳಿ ಸಾಹೇಬ್ರೇ."

ಸಾಹೇಬರು ಪರದೆ ಸರಿಸಿ ಉರ್ದುವಿನಲ್ಲಿ ಕೇಳಿದರು. ಒಳಗಿನ ದನಿ ಬಹಳ ಹೊತ್ತು ಮಾತಾಡಿತು. ಗಟ್ಟಿ ದನಿ, ಸ್ವಲ್ಪ ಸಿಟ್ಟಿನದು. 'ಬಾದ್ ಮೇ, ಬಾದ್ ಮೇ' ಎಂದು ಎರಡು ಮೂರು ಸಲ ಬಂತು. ಆಮೇಲೆ, ಆಮೇಲೆ ಅಂತ ಅರ್ಥ. ಊರಿನಲ್ಲಿ ಬೆಳೆದ ನನಗೆ ಅಷ್ಟು ಉರ್ದು ಬರುತ್ತಿತ್ತು. ಸಾಹೇಬರು ತಲೆ ಹೊರಗೆ ತೆಗೆದು, "ಇನ್ನೂ ಮೆತ್ತಗೆ ಬೇಕಂತೆ" ಎಂದರು.

ಅಷ್ಟುದ್ದದ ಮಾತು ಮೂರು ಪದವಾಯಿತಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಹಾಗೆಂದು ಈಗ ಅನ್ನಿಸುತ್ತಿದೆ. ಆಗ ಅನ್ನಿಸಿದ್ದರೆ ಕೇಳುತ್ತಿದ್ದೆ.

ಆ ಕಾರಿನ ಶಾಕ್‌ಗಳು ಈಗಿನ ಉದ್ದ ಕೊಳವೆಯವಲ್ಲ. ಬೀಡುಕಬ್ಬಿಣದ ಒಂದು ಗಟ್ಟಿ ಡಬ್ಬಿ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್. ಡಬ್ಬಿಯಿಂದ ಹೊರಗೆ ಬಂದ ಒಂದು ತೋಳು ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತದೆ. ತೋಳು ಆಡಿದಾಗ ಎಣ್ಣೆ ಸಣ್ಣ ತೂತಿನಿಂದ ನುಸುಳಿ ಹೋಗಬೇಕು. ಆ ನುಸುಳಾಟದ ಕಷ್ಟವೇ ಗಾಡಿಯ ತೂಗಾಟವನ್ನು ನಿಲ್ಲಿಸುವುದು. ಗುಂಡಿಯ ಏಟನ್ನು ತಿನ್ನುವುದು ಸ್ಪ್ರಿಂಗ್. ತಿಂದ ಮೇಲೆ ಸ್ಪ್ರಿಂಗ್ ಕುಣಿಯುತ್ತದೆ. ಕುಣಿತ ನಿಲ್ಲಿಸುವುದು ಶಾಕ್. ಇದನ್ನು ಐಟಿಐನಲ್ಲಿ ಬರೆದು ಪಾಸಾಗಿದ್ದೆ.

ನಾಲ್ಕನ್ನೂ ಬಿಚ್ಚಿದೆವು. ಮುಂದಿನ ಎರಡರಲ್ಲಿ ತೋಳು ತಿರುಗುವ ಬುಶ್ ಬಳೆ ಸವೆದು ಲೊಟಲೊಟ ಅನ್ನುತ್ತಿತ್ತು. ಮುಂದೆ ಆ ತೋಳೇ ಚಕ್ರವನ್ನು ಮೇಲಿನಿಂದ ಹಿಡಿದಿರುವುದು, ಸಡಿಲವಾದರೆ ಸ್ಟೀರಿಂಗ್ ಹೇಳಿದ ಮಾತು ಕೇಳುವುದಿಲ್ಲ. ಹಿಂದಿನ ಎರಡರಲ್ಲಿ ಎಣ್ಣೆಯೇ ಇರಲಿಲ್ಲ. ತೋಳನ್ನು ಕಿರುಬೆರಳಿನಿಂದ ಆಡಿಸಬಹುದಿತ್ತು.

ಏನು ಹಾಕಬೇಕು ಎಂದು ಎರಡು ದಿನ ಮಾತಾಡಿದೆವು. ಕೊಳವೆಯ ಹೊಸ ಶಾಕ್ ಹಾಕೋಣ, ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡೋಣ ಎಂದು ನಾನು ಹೇಳಿದೆ. ಮೇಸ್ತ್ರಿ ಕಾರಿನ ತಳಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ತೋರಿಸಿದರು. ಅದು ಒಳಗೆ ಹೋಯಿತು.

"ನೆಲ ಹಪ್ಪಳ ಆಗದೆ ಕಣಪ್ಪ. ವೆಲ್ಡ್ ಮಾಡಿದ್ರೆ ಬ್ರಾಕೆಟ್ ನಿಂತ್ಕೊಳುತ್ತೆ, ಗಾಡಿ ಬಿದ್ದೋಗುತ್ತೆ."

ಹಾಗಾಗಿ ಇದ್ದ ಡಬ್ಬಿಗಳನ್ನೇ ರಿಪೇರಿ ಮಾಡುವುದು ಎಂದಾಯಿತು. ಮುಂದಿನ ಜೋಡಿಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಚಿಂತಾಮಣಿಗೆ ಹೋದೆ. ಅಲ್ಲಿನ ಲೇತಿನವರು ಪಂಪ್‌ಸೆಟ್ಟಿಗೆ ಬುಶ್ ಹಾಕಿ ಪಳಗಿದ ಕೈ. ಕಂಚಿನ ಬುಶ್ ತಿರುಗಿಸಿ, ಕೂದಲೆಳೆಯಷ್ಟೂ ಆಟವಿಲ್ಲದಂತೆ ಕೂರಿಸಿಕೊಟ್ಟರು. ಮುಂದಿನ ಕೆಲಸ ಅಲ್ಲಿಗೆ ಮುಗಿಯಿತು. ಇಡೀ ಕತೆಯಲ್ಲಿ ತಪ್ಪಿಲ್ಲದೆ ನಡೆದದ್ದು ಅದೊಂದೇ.

ಹಿಂದಿನವಕ್ಕೆ ಬೆಂಗಳೂರಿನಿಂದ ಎಣ್ಣೆ ಸೋರದಂತೆ ತಡೆಯುವ ಸೀಲ್ ತರಿಸಿ, ಸರಿಯಾದ ಎಣ್ಣೆ ತುಂಬಿ, ತೋಳನ್ನು ನಿಧಾನವಾಗಿ ಆಡಿಸಿ ಗಾಳಿ ತೆಗೆದು ಕಟ್ಟಿದೆವು. ಆಮೇಲೆ ಮೇಸ್ತ್ರಿ ಲೋಟ ತೆಗೆದರು.

ಇದು ಅವರದೇ ಪರೀಕ್ಷೆ. ಹಿಂದಿನ ಸೀಟಿನ ಮೇಲೆ ಮಡಿಸಿದ ಟವಲ್, ಅದರ ನಡುವೆ ಅಂಚಿನವರೆಗೆ ನೀರು ತುಂಬಿದ ಲೋಟ. ಶಿಡ್ಲಘಟ್ಟ ರಸ್ತೆಯಲ್ಲಿ ಚಿಕ್ಕ ರೈಲಿನ ಗೇಟು ದಾಟಿ, ಒಂದು ಮೈಲಿ ಹೋಗಿ, ತಿರುಗಿಸಿಕೊಂಡು ಮತ್ತೆ ಗೇಟು ದಾಟಿ ಬರಬೇಕು. ಉಳಿದ ನೀರಿನ ಮಟ್ಟಕ್ಕೆ ಮೊಳೆಯಿಂದ ಗೀರಬೇಕು. ಡಾಕ್ಟರುಗಳ ಗಾಡಿ, ಮದುವೆ ಗಾಡಿ, ಮೊಟ್ಟೆ ಸಾಗಿಸುವ ವ್ಯಾನು, ಎಲ್ಲಕ್ಕೂ ಇದೇ. ಪ್ರತಿ ಗಾಡಿಗೂ ಬೇರೆ ಲೋಟ. ಕೆಲಸ ಮುಗಿದ ಮೇಲೆ ಲೋಟವನ್ನು ಗಾಡಿಯವರಿಗೇ ಕೊಟ್ಟುಬಿಡುತ್ತಿದ್ದರು. ಸರ್ಟಿಫಿಕೇಟು ಅದು. ಜನ ಅದನ್ನು ಮನೆಯಲ್ಲಿ ಬಂದವರಿಗೆ ತೋರಿಸುತ್ತಿದ್ದರು.

ಮೊದಲ ಗೆರೆ, ಎರಡು ಬೆರಳು ಕೆಳಗೆ. ಪರವಾಗಿಲ್ಲ ಎಂದರು ಮೇಸ್ತ್ರಿ. ಆದರೆ ಹತ್ತು ದಿನದೊಳಗೆ ಆ ಸೀಲುಗಳ ರಬ್ಬರ್ ಉಬ್ಬಿ ಎಣ್ಣೆ ಮತ್ತೆ ಇಳಿಯಿತು. ಸೀಲು ನಕಲಿ. ಆ ಸಲ ಆಸ್ಪತ್ರೆಗೆ ಹೋಗುವುದು ತಪ್ಪಿತು. ಸಾಹೇಬರು ಬಂದು ಏನೂ ಬೈಯದೆ ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಗೌರಿಬಿದನೂರಿನಲ್ಲಿ ಒಂದು ಅಕ್ಕಿ ಗಿರಣಿಯ ಹಿಂದೆ ಇಂಥದ್ದೇ ಕಾರು ಸತ್ತು ನಿಂತಿದೆ ಎಂದು ಯಾರೋ ಹೇಳಿದರು. ಮಾರನೆಯ ದಿನವೇ ಸ್ಪ್ಯಾನರ್ ಚೀಲ ಹಿಡಿದು ಹೋದೆ. ಗಿರಣಿಯ ಯಜಮಾನರು ತೆಲುಗು ಬೆರೆಸಿ ಮಾತಾಡುವವರು.

"ಏಮಪ್ಪಾ, ಅದರಲ್ಲಿ ಈಗ ಕೋಳಿ ಮೊಟ್ಟೆ ಇಡ್ತಾವೆ. ಕೋಳಿಗೆ ಶಾಕ್ ಯಾಕೆ? ತೀಸ್ಕೋ. ಆದ್ರೆ ಕಾವಿಗೆ ಕೂತಿರೋದನ್ನ ಎಬ್ಬಿಸಬೇಡ. ನಮ್ಮವಳು ನಿನ್ನ ಬಿಟ್ರೂ ನನ್ನ ಬಿಡಲ್ಲ."

ಕಾವಿಗೆ ಕೂತ ಕೋಳಿಯ ಕೆಳಗೇ ಮಲಗಿ ಹಿಂದಿನ ಜೋಡಿ ಬಿಚ್ಚಿದೆ. ಎಣ್ಣೆ ಸೋರಿರಲಿಲ್ಲ. ಶೆಡ್ಡಿಗೆ ತಂದು ವೈಸಿಗೆ ಕಚ್ಚಿಸಿ ತೋಳು ಎಳೆದಾಗ ಕೈಗೆ ಗೊತ್ತಾಯಿತು. ಹದವಾಗಿ ಬೆಂದ ಮುದ್ದೆಯನ್ನು ಕೋಲಿನಿಂದ ತಿರುವಿದ ಹಾಗೆ, ಮೊದಲಿಂದ ಕೊನೆಯವರೆಗೆ ಒಂದೇ ಬಿಗಿ, ನಡುವೆ ಎಲ್ಲೂ ಪೊಳ್ಳಿಲ್ಲ. ಮೇಲಕ್ಕೆ ಎಳೆಯುವಾಗ ಒಂದು ಗುಂಜಿ ಹೆಚ್ಚು ಬಿಗಿ. ಒಳ್ಳೆಯ ಶಾಕ್ ಅಂದರೆ ಹಾಗೇ ಇರಬೇಕು. ಕಟ್ಟಿದೆವು, ಲೋಟ ಇಟ್ಟೆವು. ಗೇಟಿನ ಮೇಲೆ ಗಾಡಿ ಗಟ್ಟಿಯಾಗಿ ಒಂದು ಸಲ ಅದುರಿತು. ನೀರು ಟವಲಿಗೆ ಹಾರಿತು. ಎರಡನೆಯ ಗೆರೆ, ಅರ್ಧದಲ್ಲಿ.

"ಇದು ಲಾರಿಗೆ ಸರಿ" ಎಂದರು ಮೇಸ್ತ್ರಿ. ಬಿಚ್ಚಿಸಿ ಶೆಲ್ಫಿನ ಮೇಲೆ ಇಡಿಸಿದರು.

ನಾನು ಹಿಂದಿನ ಮೂಲೆ ಒತ್ತಿ ಬಿಟ್ಟು ನೋಡಿದ್ದೆ. ಆ ಜೋಡಿ ಇದ್ದಾಗ ಗಾಡಿ ಕೆಳಗೆ ಹೋಗಿ, ಮೇಲೆ ಬಂದು, ನಿಂತಿತ್ತು. ಒಂದೇ ಸಲ. ಇದನ್ನು ಮೇಸ್ತ್ರಿಗೆ ಹೇಳಿದೆನೇ? ಹೇಳಿದೆ ಎಂದು ಬಹಳ ವರ್ಷ ನಂಬಿದ್ದೆ, ನಾಲ್ಕಾರು ಜನರಿಗೆ ಹಾಗೇ ಹೇಳಿಯೂ ಇದ್ದೇನೆ. ಅವರು ಏನು ಉತ್ತರ ಕೊಟ್ಟರು ಎಂದು ನೆನಪು ಮಾಡಿಕೊಳ್ಳಲು ಹೋದರೆ ಉತ್ತರ ಸಿಗುವುದಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಿದ್ದ ಮನುಷ್ಯ ಅದೊಂದಕ್ಕೆ ಮಾತ್ರ ಸುಮ್ಮನಿದ್ದರೆಂದರೆ, ನಾನು ಹೇಳಿರಲಿಲ್ಲ ಎಂದೇ ಲೆಕ್ಕ.

ಸಾಹೇಬರು ಒಂದು ದಾರಿ ತಂದರು. ಅವರ ಟ್ವಿಸ್ಟಿಂಗ್ ಮಿಷನ್ನಿನ ಸ್ಪಿಂಡಲ್‌ಗೆ ಹಾಕುವ ಎಣ್ಣೆ, ಒಂದು ಡಬ್ಬ.

"ನೋಡಿ ಮೇಸ್ತ್ರಿ, ನೀರಿನ ಹಾಗೆ ತೆಳ್ಳಗಿದೆ. ಸಾವಿರ ಸ್ಪಿಂಡಲ್ ತಿರುಗಿದರೂ ಒಂದು ಎಳೆ ನೂಲು ಅದುರಲ್ಲ. ಇದನ್ನ ಹಾಕಿದ್ರೆ ಮೆತ್ತಗಾಗಲ್ವಾ?"

ಜೀವನವಿಡೀ ಎಳೆ ಕಡಿಯದಂತೆ ನೋಡಿಕೊಂಡ ಮನುಷ್ಯನಿಗೆ ಹಾಗೆ ತೋಚಿದ್ದು ತಪ್ಪಲ್ಲ. ಮೇಸ್ತ್ರಿ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಟ್ರ್ಯಾಕ್ಟರ್ ಅಂಗಡಿಯಲ್ಲಿ ಅಳತೆಗೆ ಸರಿಯಾದ ಗಟ್ಟಿ ಸೀಲು ಸಿಕ್ಕಿತ್ತು. ಹಳೇ ಜೋಡಿಗೆ ಆ ಸೀಲು, ಒಳಗೆ ಈ ಎಣ್ಣೆ. ತೋಳು ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿತು. ಲೋಟ ಇಟ್ಟೆವು. ಮೇಸ್ತ್ರಿ ಎಂದಿನಂತೆ ನಿಧಾನವಾಗಿ ಓಡಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ, ಹಿಂದೆ ಲೋಟ ಬಿಟ್ಟರೆ ಯಾರೂ ಇಲ್ಲ. ಗೇಟು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಗಾಡಿ ತೊಟ್ಟಿಲಿನ ಹಾಗೆ ತೂಗಿತು. ನೀರು ಹಾಗೇ ಇತ್ತು. ಮೂರನೆಯ ಗೆರೆ.

ಆಗ ನಾನು ಏನೋ ಅಂದೆ. "ಮೇಸ್ತ್ರಿ, ಇದು ಸ್ವಲ್ಪ ಜಾಸ್ತಿನೇ ತೂಗ್ತದೆ ಅಲ್ವಾ?" ಇದು ಮಾತ್ರ ನಿಜ, ಯಾಕೆಂದರೆ ಇದಕ್ಕೆ ಉತ್ತರ ನೆನಪಿದೆ.

ಅವರು ಲೋಟ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ನೋಡಪ್ಪ ಎಂಜಿನಿಯರು. ನಾನು ಸುಳ್ಳು ಹೇಳ್ಬೋದು, ನೀನು ಹೇಳ್ಬೋದು. ನೀರು ಹೇಳ್ತದೇನೋ?"

ಸಾಹೇಬರು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕರು. ಅದನ್ನು ನೋಡಿ ನಾನೂ ನಕ್ಕೆ.

ನೀರು ಹೇಳಿದ್ದು ನಿಜವೇ. ಥಟ್ಟನೆ ಅದುರಿದರೆ ನೀರು ಚೆಲ್ಲುತ್ತದೆ. ನಿಧಾನವಾಗಿ ಎತ್ತಿ ಇಳಿಸಿದರೆ ಲೋಟದ ಜೊತೆಗೇ ನೀರೂ ಏರಿ ಇಳಿಯುತ್ತದೆ, ಒಂದು ಹನಿಯೂ ಆಚೆ ಬರುವುದಿಲ್ಲ. ನೀರಿಗೆ ತೂಗಾಟ ಲೆಕ್ಕಕ್ಕಿಲ್ಲ. ಬೆನ್ನುಮೂಳೆಗೆ ಇದೆ.

ಆ ವಾರ ಅವರು ಆಸ್ಪತ್ರೆಗೆ ಹೊರಟರು. ಸಾಹೇಬರು ಓಡಿಸುತ್ತಿದ್ದರು. ಹಿಂದೆ ಹಲಗೆಯ ಮೇಲೆ ಹೆಂಡತಿ. ಅವರನ್ನು ಹಿಡಿದುಕೊಳ್ಳಲು ಸೀಟುಗಳ ನಡುವೆ ಕಾಲಿಡುವ ಸಂದಿಯಲ್ಲಿ ಅವರ ಅಕ್ಕ. ಸಾದಲಿಯವರು, ತೂಕದ ಹೆಂಗಸು. ಡಿಕ್ಕಿಯಲ್ಲಿ ಎರಡು ದಿನಕ್ಕೆ ಬೇಕಾದ ಹಾಸಿಗೆ ಬಟ್ಟೆ, ಪಾತ್ರೆ. ಇಷ್ಟು ಭಾರ ಹಿಂದೆ ಇಟ್ಟು ನಾವು ಒಂದು ಸಲವೂ ಓಡಿಸಿ ನೋಡಿರಲಿಲ್ಲ. ಶಿಡ್ಲಘಟ್ಟದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಒಂದು ಕಡೆ ಮೂರು ಮೋರಿಗಳು ಹತ್ತಿರ ಹತ್ತಿರ ಇವೆ. ರಸ್ತೆ ಕುಗ್ಗಿ ಮೂರು ಉಬ್ಬು ಸಾಲಾಗಿ ನಿಂತಿದ್ದವು. ಮೊದಲನೆಯದನ್ನು ಗಾಡಿ ಮೆತ್ತಗೆ ದಾಟಿತಂತೆ. ಎರಡನೆಯದಕ್ಕೆ ಬರುವಾಗ ಮೊದಲಿನ ತೂಗಾಟ ಇನ್ನೂ ನಿಂತಿರಲಿಲ್ಲ, ಇದರದೂ ಅದಕ್ಕೆ ಸೇರಿತು. ಮೂರನೆಯದರಲ್ಲಿ ಹಿಂದಿನ ಆಕ್ಸಲ್ ಮೇಲೆ ಬಂದು ಚಾಸಿಗೆ ಬಡಿಯಿತು.

ಅವರು ನಮ್ಮ ಶೆಡ್ಡಿನ ಮುಂದೆ ಬಂದು ನಿಲ್ಲಿಸಿದಾಗ ಬೆಳಿಗ್ಗೆ ಎಂಟೂವರೆ. ಈ ಹೊತ್ತು ಸರಿಯಾಗಿ ಗೊತ್ತು, ಯಾಕೆ ಎಂದು ಮುಂದೆ ಹೇಳುತ್ತೇನೆ. ಸಾಹೇಬರು ಇಳಿದು ಬಾಗಿಲು ಹಿಡಿದುಕೊಂಡು ನಿಂತರು. ಒಳಗೆ ಅಕ್ಕ ಅಳುತ್ತಿದ್ದರು. ಹಲಗೆಯ ಮೇಲಿದ್ದವರು ಅಳುತ್ತಿರಲಿಲ್ಲ.

ಮೇಸ್ತ್ರಿ ದೂರದಿಂದಲೇ, "ಏನಾಯ್ತು, ಅಮ್ಮಾವ್ರನ್ನ ಕೇಳಿ ಸಾಹೇಬ್ರೇ" ಎಂದರು.

ನಾನು ಹೋಗಿ ಪರದೆ ಸರಿಸಿದೆ. ಯೋಚಿಸಿ ಮಾಡಿದ್ದಲ್ಲ. ಮೂವತ್ತೈದರ ಆಸುಪಾಸಿನ ಮುಖ, ತುಟಿ ಬಿಳಿಚಿಕೊಂಡಿತ್ತು. ಎರಡು ತಿಂಗಳಿಂದ ಆ ಬೆನ್ನಿಗಾಗಿ ಕೆಲಸ ಮಾಡುತ್ತಿದ್ದ ನಾನು ಆ ಮುಖ ನೋಡಿದ್ದು ಅದೇ ಮೊದಲು.

"ಅಮ್ಮಾ, ಎಲ್ಲಿ ನೋವು? ಯಾವಾಗ ಆಯ್ತು?"

"ಈಗ ಕೇಳ್ತೀಯಾ ತಮ್ಮಾ?" ಎಂದರು. ನಮ್ಮಷ್ಟೇ ಚೆನ್ನಾದ ಕನ್ನಡ. "ಮೊದಲನೇ ದಿನಾನೇ ಹೇಳಿದ್ನಲ್ಲ ಇವರಿಗೆ. ಗುಂಡಿ ನೋವಾಗಲ್ಲ. ಗುಂಡಿ ಬರೋದು ಗೊತ್ತಾಗುತ್ತೆ, ಹಲ್ಲು ಕಚ್ಕೋತೀನಿ. ಆಮೇಲೆ ಗಾಡಿ ಮೇಲೆ ಹೋಗಿ ಕೆಳಗೆ ಬರ್ತದಲ್ಲ, ಮತ್ತೆ ಮೇಲೆ, ಮತ್ತೆ ಕೆಳಗೆ. ಅದು. ಅದು ಯಾವಾಗ ನಿಲ್ಲುತ್ತೆ ಅಂತ ಗೊತ್ತಾಗಲ್ಲ."

ಬಾದ್ ಮೇ, ಬಾದ್ ಮೇ.

ಸಾಹೇಬರು ಗೊಣಗಿದರು. "ನೋವು ಅಂದಳು. ನಾನು ಮೆತ್ತಗೆ ಬೇಕು ಅಂದುಕೊಂಡೆ."

"ನೀವು ಅಂದ್ಕೊಂಡ್ರಿ" ಎಂದರು ಆಕೆ. "ಇಷ್ಟು ಜನ ಗಂಡಸರು ಸೇರಿ ಆ ಲೋಟವನ್ನ ಅಷ್ಟು ಸಲ ಕೇಳಿದ್ರಿ. ನನಗೂ ಬಾಯಿ ಇತ್ತು." ಆಮೇಲೆ ಬೇರೆ ದನಿಯಲ್ಲಿ, "ಎಡಗಾಲು ಜುಮ್ಮಂತಾ ಇದೆ. ಮರಗಟ್ಟಿದ ಹಾಗೆ."

ಮುಂದೆ ಏನು ಮಾಡಬೇಕು ಎಂಬುದು ಆ ಐದು ನಿಮಿಷದಲ್ಲಿ ತೀರ್ಮಾನವಾಗಬೇಕಿತ್ತು. ಬಸ್ ನಿಲ್ದಾಣದ ಹತ್ತಿರ ಟ್ಯಾಕ್ಸಿ ಸಿಗುತ್ತಿತ್ತು, ಹಳೇ ಗಾಡಿಗಳು, ಹಿಂದಿನ ಸ್ಪ್ರಿಂಗ್ ಪ್ಲೇಟುಗಳಿಗೆ ಹಗ್ಗ ಸುತ್ತಿದವು. ಇದೇ ಕಾರನ್ನು ಹೀಗೇ ಮುಂದೆ ಓಡಿಸಬಹುದಿತ್ತು, ಎತ್ತಿನ ಗಾಡಿಯ ವೇಗದಲ್ಲಿ, ಪ್ರತಿ ಉಬ್ಬಿಗೂ ತೂಗುತ್ತ. ಇಲ್ಲವೇ ಶೆಲ್ಫಿನ ಮೇಲಿದ್ದ ಗೌರಿಬಿದನೂರಿನ ಜೋಡಿಯನ್ನು ಹಾಕಬಹುದಿತ್ತು. ಅದಕ್ಕೆ ಅವರನ್ನು ಹಲಗೆ ಸಮೇತ ಇಳಿಸಬೇಕು, ಒಂದು ಗಂಟೆಯಾದರೂ ಬೇಕು.

ಮೇಸ್ತ್ರಿ, "ಟ್ಯಾಕ್ಸಿ ಮಾಡಿ ಕಳಿಸಿಬಿಡಣ" ಎಂದರು. ಆ ಮಾತಿನಲ್ಲಿ ಕಾಳಜಿ ಇತ್ತೋ, ಇವರು ಇಲ್ಲಿಂದ ಹೋದರೆ ಸಾಕು ಅನ್ನುವುದಿತ್ತೋ, ನನಗೆ ಗೊತ್ತಿಲ್ಲ.

ನಾನು ಮತ್ತೆ ಆಕೆಯನ್ನೇ ಕೇಳಿದೆ. "ಅಮ್ಮಾ, ಒಂದು ಗಂಟೆ ಕೊಟ್ರೆ ಆ ತೂಗಾಟ ನಿಲ್ಲಿಸ್ತೀನಿ. ಗಟ್ಟಿ ಇರುತ್ತೆ, ಗುಂಡಿ ಗೊತ್ತಾಗುತ್ತೆ. ಆದ್ರೆ ಒಂದೇ ಸಲ. ಇಲ್ಲಾ ಟ್ಯಾಕ್ಸಿ. ಏನ್ ಮಾಡ್ಲಿ?"

ಅವರ ಉತ್ತರ ನನ್ನಲ್ಲಿ ಎರಡು ಥರ ಇದೆ. ಒಂದರಲ್ಲಿ ಅವರು "ಮಾಡು" ಅನ್ನುತ್ತಾರೆ. ಇನ್ನೊಂದರಲ್ಲಿ ಕಣ್ಣು ಮುಚ್ಚಿಕೊಂಡು "ನಂಗೇನಪ್ಪ ಗೊತ್ತು, ನೀನೇ ಹೇಳು" ಅನ್ನುತ್ತಾರೆ. ಮೊದಲನೆಯದನ್ನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ ಅದು ನುಣುಪಾಗಿಬಿಟ್ಟಿದೆ. ಎರಡನೆಯದು ಬೇಡವೆಂದರೂ ಬರುತ್ತದೆ. ಹಾಗಾಗಿ ತೀರ್ಮಾನ ನನ್ನದು ಎಂದೇ ಇಲ್ಲಿ ಬರೆಯುತ್ತೇನೆ.

ನಾಲ್ಕು ಜನ ಹಿಡಿದು ಹಲಗೆಯನ್ನು ಇಳಿಸಿ ಶೆಡ್ಡಿನ ಬೆಂಚಿನ ಮೇಲೆ ಇಟ್ಟೆವು. ಮೇಸ್ತ್ರಿ ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ಜಾಕಿ ತಂದು ಇಟ್ಟು ತಾವೂ ಕೆಳಗೆ ಮಲಗಿದರು. ಎಡಗಡೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬಲಗಡೆಯ ಕೆಳಗಿನ ಬೋಲ್ಟು ತಿರುಗಲಿಲ್ಲ. ನಾಲ್ಕನೇ ಸಲ ಬಿಚ್ಚುತ್ತಿದ್ದುದರಿಂದ ಅದರ ಮೂಲೆಗಳು ಸವೆದು ಗುಂಡಗಾಗಿದ್ದವು. ಸ್ಪ್ಯಾನರ್ ಜಾರಿ ನನ್ನ ಬೆರಳಿನ ಗೆಣ್ಣಿನ ಚರ್ಮ ಕಿತ್ತುಹೋಯಿತು. ಉಳಿಯಿಂದ ಹೊಡೆಯುವಂತಿಲ್ಲ, ಶಬ್ದಕ್ಕೆ ಬೆಂಚಿನ ಮೇಲಿದ್ದವರು ಬೆಚ್ಚಿದರೆ? ಮೇಸ್ತ್ರಿ ಅರದಿಂದ ಎರಡು ಬದಿ ಚಪ್ಪಟೆ ಮಾಡಿದರು. ಅರ ಉಜ್ಜುವ ಸದ್ದು ಒಂದು ಬಿಟ್ಟರೆ ಶೆಡ್ಡಿನಲ್ಲಿ ಬೇರೆ ಸದ್ದಿಲ್ಲ. ಒಂದು ಗಂಟೆ ಎಂದದ್ದು ಒಂದೂವರೆಯಾಯಿತು.

ಬೆಂಚಿನಿಂದ ಒಂದು ಸಲ ಮಾತು ಬಂತು. "ತಮ್ಮಾ, ನಿಮ್ಮ ತಗಡಿನಲ್ಲಿ ಹದಿನೇಳು ತೂತು ಇದೆ. ಗಾಡಿ ಆಮೇಲೆ ನೋಡ್ಕೊಳ್ಳಿ, ಮೊದಲು ಸೂರು ನೋಡ್ಕೊಳ್ಳಿ."

ಯಾರೂ ನಗಲಿಲ್ಲ. ಈಗ ನಗಬೇಕಿತ್ತು ಅನ್ನಿಸುತ್ತದೆ. ಆಕೆ ನಮ್ಮನ್ನು ನಗಿಸಲೆಂದೇ ಎಣಿಸಿದ್ದರು.

ಬೆಂಗಳೂರಿಗೆ ನಾನೇ ಓಡಿಸಿದೆ. ಸಾಹೇಬರು ಪಕ್ಕದ ಸೀಟಿನಲ್ಲಿ ಕೂತರು. ಹೊರಡುವಾಗ ಮೇಸ್ತ್ರಿ ಅಭ್ಯಾಸಬಲದಿಂದಲೋ, ಬೇರೆ ಏನು ಮಾಡಬೇಕೆಂದು ತೋಚದೆಯೋ, ಗಾಡಿಯಲ್ಲೇ ಇದ್ದ ಆ ಲೋಟದ ತುಂಬ ನೀರು ತಂದು ಅಕ್ಕನ ಕೈಗೆ ಕೊಟ್ಟರು. ಅಕ್ಕ ಅದನ್ನು ಹಲಗೆಯ ಮೂಲೆಯಲ್ಲಿ ಟವಲಿನ ಮೇಲೆ ಇಟ್ಟುಕೊಂಡರು. ಊರು ದಾಟಿದ ಮೇಲೆ ಮೊದಲ ಗುಂಡಿ ಬಂತು. ಗಾಡಿ ಗಟ್ಟಿಯಾಗಿ ಒಂದು ಸಲ ಅದುರಿ ನಿಂತಿತು. ನಾನು ತಿರುಗದೆಯೇ ಕೇಳಿದೆ, "ಅಮ್ಮಾ?"

"ಒಂದೇ" ಎಂದರು.

ಮುಂದಿನ ಗುಂಡಿ. "ಒಂದೇ." ಅದರ ಮುಂದಿನದು. "ಒಂದೇ." ದೇವನಹಳ್ಳಿಯವರೆಗೂ ಹೀಗೇ. ನಾನು 'ಅಮ್ಮಾ' ಎನ್ನುವುದು, ಅವರು 'ಒಂದೇ' ಎನ್ನುವುದು. ಆಮೇಲೆ ಒಂದು ಸಲ ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅಕ್ಕ ಅವರ ತಲೆ ಎತ್ತಿ ಹಿಡಿದಿದ್ದರು, ಅವರು ಆ ಲೋಟದ ನೀರು ಕುಡಿಯುತ್ತಿದ್ದರು. "ಇಷ್ಟು ದಿನ ನೀರು ಹೊತ್ಕೊಂಡು ಓಡಾಡಿದ್ರಿ, ಬಾಯಾರಿಕೆನಾ ಅಂತ ಯಾರೂ ಕೇಳ್ಲಿಲ್ಲ" ಎಂದರು.

ಈ ಭಾಗ ನನಗೆ ಬಹಳ ಇಷ್ಟ. ಅದಕ್ಕೇ ಅನುಮಾನ. ನಾಲ್ಕನೆಯ ಗೆರೆ ಇಲ್ಲದಿರುವುದಕ್ಕೆ ಇದೇ ಕಾರಣ ಎನ್ನಬಹುದು, ಕುಡಿದ ನೀರಿಗೆ ಮಟ್ಟ ಎಲ್ಲಿಂದ ಗೀರುವುದು? ಆದರೆ ಇಲ್ಲದ ಗೆರೆಯಿಂದ ಏನನ್ನೂ ಸಾಬೀತು ಮಾಡಲಾಗುವುದಿಲ್ಲ. ಆ ದಿನ ಮೊಳೆ ನನ್ನ ಜೇಬಿನಲ್ಲಿ ಇರಲಿಲ್ಲ, ಅಷ್ಟೇ ಇರಬಹುದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕಾಲು ಮರಗಟ್ಟಿದ್ದು ಎಷ್ಟು ಗಂಟೆಗೆ?" ಸಾಹೇಬರು ನನ್ನ ಕಡೆ ನೋಡಿದರು. ಎಂಟೂವರೆಗೆ ಶೆಡ್ಡಿಗೆ ಬಂದಾಗಲೇ ಜುಮ್ಮೆನ್ನುತ್ತಿತ್ತು ಎಂದೆ. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ನಾನೂ ನೋಡಿದೆ. ಹನ್ನೆರಡಾಗಿತ್ತು. "ಇಷ್ಟು ತಡ ಯಾಕೆ?" ಎಂದು ಅವರು ಕೇಳಲಿಲ್ಲ. ಬರೆದುಕೊಂಡು ಒಳಗೆ ಹೋದರು.

ಮತ್ತೆ ಆಪರೇಷನ್ ಆಯಿತು. ಎಡಗಾಲು ಸ್ವಾಧೀನಕ್ಕೆ ಬರಲಿಲ್ಲ. ಮೋರಿಯ ಮೇಲಿನ ಏಟಿಗೆ ಹೋಯಿತೋ, ಒಳಗಿನ ಕಾಯಿಲೆಗೆ ಹೇಗಿದ್ದರೂ ಹೋಗುತ್ತಿತ್ತೋ, ಬೆಂಚಿನ ಮೇಲಿನ ಆ ಒಂದೂವರೆ ಗಂಟೆಗೆ ಹೋಯಿತೋ, ಹೇಳಲಾಗುವುದಿಲ್ಲ ಎಂದರಂತೆ. ಮೇಸ್ತ್ರಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಹೇಳಕ್ಕಾಗಲ್ಲ ಅಂದವ್ರೆ ಡಾಕ್ಟ್ರೇ" ಎಂದು ಕೇಳದವರಿಗೂ ಹೇಳುತ್ತಿದ್ದರು. ಆದರೆ ಅವರು ಮತ್ತೆ ಯಾವ ಗಾಡಿಯಲ್ಲೂ ಲೋಟ ಇಡಲಿಲ್ಲ. ಸಾಹೇಬರ ಮನೆಯವರು ಈ ಲೋಟವನ್ನು ಹಿಂದಕ್ಕೆ ಕಳಿಸಿದರು. ಮೇಸ್ತ್ರಿ ಮುಟ್ಟಲಿಲ್ಲ. ಅದಕ್ಕೇ ನನ್ನ ಹತ್ತಿರ ಇರುವುದು.

ಒಂದೆರಡು ತಿಂಗಳ ಮೇಲೆ ಸಾಹೇಬರು ಎಣ್ಣೆ ನೋಡಿಸಲು ಕಾರು ತಂದರು. ಆಕೆ ಜೊತೆಗೆ ಬಂದಿರಲಿಲ್ಲ. ಹಲಗೆ ಹೋಗಿತ್ತು. ಈಗ ಕೂರುತ್ತಾರಂತೆ, ಕಿಟಕಿಯ ಪರದೆ ತೆಗೆಸಿದ್ದಾರಂತೆ. ಡಬ್ಬಿಯ ಮೇಲಿನ ಧೂಳು ಒಳಗೆ ಬೀಳದಂತೆ ಮೊದಲು ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಪ್ಲಗ್ ಬಿಚ್ಚಿ ಎಣ್ಣೆ ನೋಡಿದೆ. ಇಳಿದಿರಲಿಲ್ಲ. ಬಟ್ಟೆ ಹುಡುಕುತ್ತ ಹಿಂದಿನ ಸೀಟಿನ ಕೆಳಗೆ ಕೈ ಹಾಕಿದಾಗ ಒಂದು ಚಪ್ಪಲಿ ಸಿಕ್ಕಿತು. ಹೆಂಗಸರದು, ಹೊಸದು, ಎಡಗಾಲಿನದು. ತಿರುಗಿಸಿ ನೋಡಿದೆ. ಅಟ್ಟೆಗೆ ಒಂದು ಚೂರೂ ಮಣ್ಣು ತಾಗಿರಲಿಲ್ಲ.

"ಸಾಹೇಬ್ರೇ, ಇದು..."

"ಅಲ್ಲೇ ಬಿದ್ದಿತ್ತಾ?" ಎಂದರು ಅವರು. "ಮನೆಯಲ್ಲೆಲ್ಲಾ ಹುಡುಕಿದ್ವಿ. ಜಾರಿದ್ದು ಅವಳಿಗೆ ಗೊತ್ತಾಗಲ್ಲಪ್ಪ."

ಎಣ್ಣೆ ಕೈಯ ಗುರುತು ಆಗದಂತೆ ಅಂಚು ಹಿಡಿದು ಅದನ್ನು ಸೀಟಿನ ಮೇಲೆ ಇಟ್ಟೆ. ಸಾಹೇಬರು ಅದನ್ನು ನೋಡುತ್ತ ನಿಂತಿದ್ದರು. ಕೆಲಸ ಇನ್ನೊಂದು ಬಾಕಿಯಿತ್ತು. ಪ್ಲಗ್ ಬಿಗಿ ಮಾಡಿ, ಹಿಂದೆ ಹೋಗಿ, ಕಾರಿನ ಎಡಮೂಲೆಯನ್ನು ಎರಡು ಕೈಯಿಂದ ಒತ್ತಿ ಬಿಟ್ಟೆ. ಕೆಳಗೆ ಹೋಯಿತು, ಮೇಲೆ ಬಂತು, ನಿಂತಿತು. ಒಂದೇ ಸಲ.